ಬಂಡಿದಾರಿ ತೋರಿಸಿಕೊಟ್ಟ ನಕ್ಷೆ

ನಗರದ ಯಾವ ಜಾಗದಲ್ಲಿ ಏನು ಬರಬೇಕು ಎಂದು ಗೊತ್ತುಪಡಿಸುವ ಬೆಂಗಳೂರಿನ 2031ರ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು 2017ರ ನವೆಂಬರಿನಲ್ಲಿ ಹೊರಬಿತ್ತು. ಆಕ್ಷೇಪಣೆಗೆ ಕೊಟ್ಟಿದ್ದು 60 ದಿನ. ನಮ್ಮ ಬಡಾವಣೆಯವರ ಕಿವಿಗೆ ಸುದ್ದಿ ಬೀಳುವಷ್ಟರಲ್ಲಿ ಅದರಲ್ಲಿ ಬಹುಪಾಲು ಕಳೆದುಹೋಗಿತ್ತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದರು. ಭಾನುವಾರ ನಮ್ಮ ಮನೆಯ ವರಾಂಡಕ್ಕೆ ಬಂದವರು ಒಂಬತ್ತು ಮಂದಿ. ಅವರಲ್ಲಿಬ್ಬರು ಪಕ್ಕದ ಮನೆಯವರ ನಾಯಿಯ ಮೇಲೆ ದೂರು ಹೇಳಲು ಬಂದಿದ್ದರು.

ಹೇಗೋ ಒಂದು ಪತ್ರ ಬರೆದು, ಮನೆಮನೆಗೆ ಹೋಗಿ ಸಹಿ ಹಾಕಿಸಿ, ಕೊನೆಯ ದಿನ ಸಲ್ಲಿಸಿದೆವು. ಅದರ ಪ್ರತಿ ಇನ್ನೂ ನನ್ನ ಹತ್ತಿರ ಇದೆ. ಬಡಾವಣೆಯ ಶಾಂತ ವಾತಾವರಣ ಕಾಪಾಡಬೇಕು, ಹಸಿರು ಉಳಿಸಬೇಕು ಎಂದೆಲ್ಲ ಬರೆದಿದ್ದೇವೆ. ಯಾವ ರಸ್ತೆ, ಯಾವ ಸರ್ವೆ ನಂಬರು, ಏನು ಬದಲಾಗಬೇಕು ಎಂಬುದು ಎಲ್ಲಿಯೂ ಇಲ್ಲ. ಓದಿದವರು ಏನು ಮಾಡಬೇಕಿತ್ತೋ ನನಗೇ ತಿಳಿಯದು. ಮುಂದೆ 2020ರಲ್ಲಿ ಸರ್ಕಾರ ಆ ಕರಡನ್ನೇ ಹಿಂದಕ್ಕೆ ಪಡೆಯಿತು. 2007ರಲ್ಲಿ ಜಾರಿಯಾದ ಹಳೆಯ ಯೋಜನೆಯೇ ಮುಂದುವರಿಯಿತು.

ಆದರೆ ವರಾಂಡದ ಭಾನುವಾರಗಳು ನಿಲ್ಲಲಿಲ್ಲ. ಬಡಾವಣೆಯ ನಿವಾಸಿಗಳದೇ ಒಂದು ಸಂಘ ಕಟ್ಟಲು ಹೊರಟೆವು. ಅದನ್ನು ನೋಂದಾಯಿಸಲು 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸಾಕು. ಜನ ಸಿಕ್ಕರು, ಹೆಸರು ಸಿಗಲಿಲ್ಲ. ಅದೊಂದಕ್ಕೆ ಮೂರು ಸಭೆ ಹೋದವು. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಬರೆಯಬೇಕಾದದ್ದು ನಡಿಗೆಯ ಬಗ್ಗೆ. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ನಮ್ಮ ಗುಂಪಿನಲ್ಲಿದ್ದರು. "ನಮ್ಮ ಬೀದಿಗಳೇ ನಮಗೆ ಗೊತ್ತಿಲ್ಲ, ಮೊದಲು ನಡೆಯೋಣ" ಎಂದರು. ಟೇಪು, ಚಾಕ್‌ಪೀಸು, ದೊಡ್ಡ ಹಾಳೆಗೆ ಮುದ್ರಿಸಿದ ಬಡಾವಣೆಯ ನಕ್ಷೆ ಹಿಡಿದು ಬೆಳಿಗ್ಗೆ ಆರೂವರೆಗೆ ಹೊರಟೆವು. ಪಾದಚಾರಿ ಮಾರ್ಗದಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು ಎಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ನಮ್ಮ ಮುಖ್ಯರಸ್ತೆಯಲ್ಲಿ ಅಷ್ಟು ಅಗಲ ಸಿಕ್ಕಿದ್ದು ಎರಡೇ ಕಡೆ. ಹೂವು ಮಾರುವವರು ಜಾಗ ತಿನ್ನುತ್ತಾರೆ ಎಂದು ಅದುವರೆಗೆ ಗೊಣಗುತ್ತಿದ್ದವಳು ನಾನೇ. ಟೇಪು ಹಿಡಿದು ನೋಡಿದರೆ ಹೂವಿನ ಬುಟ್ಟಿ ಎರಡಡಿ, ಅದರ ಹಿಂದಿನ ಟ್ರಾನ್ಸ್‌ಫಾರ್ಮರಿನ ಬೇಲಿ ಆರಡಿ. ಆ ಹೂವಿನವರು ಮುಂದಿನ ಸಭೆಗೆ ಬಂದರು. ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದು ನಮ್ಮಲ್ಲಿ ಯಾರಿಗಿಂತಲೂ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಲ್ಲಿಂದಲೇ ಜಗಳವೂ ಶುರುವಾಯಿತು. ಸ್ವಂತ ಮನೆ ಇದ್ದವರಿಗಷ್ಟೇ ಸದಸ್ಯತ್ವ ಎಂದು ಸಂಘದ ನಿಯಮಾವಳಿಯಲ್ಲಿ (ಬೈಲಾ) ಬರೆದುಕೊಂಡಿದ್ದೆವು. ಬಾಡಿಗೆಯವರು, ಬೀದಿಯಲ್ಲಿ ದುಡಿಯುವವರು, ಬಡಾವಣೆಗೆ ಅಂಟಿಕೊಂಡಿರುವ ಹಳೆಯ ಊರಿನವರು ಎಲ್ಲರೂ ಹೊರಗೆ. ಆ ಸಾಲನ್ನು ತೆಗೆಸಲು ಹೋಗಿ ಇಬ್ಬರು ಸ್ನೇಹಿತರನ್ನು ಕಳೆದುಕೊಂಡೆ. ಒಬ್ಬರು ಈಗಲೂ ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ. ಸಾಲು ಹೋಯಿತು. ಸಭೆಯೂ ನಮ್ಮ ವರಾಂಡ ಬಿಟ್ಟು ಊರಿನ ಅರಳೀಕಟ್ಟೆಗೆ ಹೋಯಿತು. ಗೇಟು ದಾಟಿ ಒಳಗೆ ಬರಲು ಹಿಂಜರಿಯುತ್ತಿದ್ದವರು ಕಟ್ಟೆಯ ಮೇಲೆ ಆರಾಮವಾಗಿ ಕೂತರು.

ನಾವು ನಡೆದು ಬರೆದ ನಕ್ಷೆಯನ್ನು ಅಲ್ಲಿ ಹಾಸಿದ ದಿನ ಊರಿನ ಅಜ್ಜಿಯೊಬ್ಬರು ಬಹಳ ಹೊತ್ತು ನೋಡಿ, "ಬಂಡಿದಾರಿ ಎಲ್ಲಿ ಹಾಕಿದ್ದೀಯಮ್ಮ?" ಎಂದು ಕೇಳಿದರು. ಯಾವ ಬಂಡಿದಾರಿ? ಊರಿನಿಂದ ಕೆರೆಯ ಕಡೆಗೆ ಹೋಗುತ್ತಿದ್ದ ದಾರಿಯಂತೆ. ಈಗ ಅಲ್ಲಿ ತಗಡಿನ ಶೆಡ್ಡು, ಅದರ ಹಿಂದೆ ಕಸದ ರಾಶಿ. ಮೇಷ್ಟ್ರ ಮೊಮ್ಮಗ ಕಂದಾಯ ಇಲಾಖೆಯ ಜಾಲತಾಣದಿಂದ ಗ್ರಾಮನಕ್ಷೆ ಇಳಿಸಿಕೊಟ್ಟ. ಕೆರೆ, ಕಾಲುವೆ, ಸರ್ವೆ ನಂಬರುಗಳ ನಡುವೆ ಅಜ್ಜಿ ಬೆರಳಿಟ್ಟು ತೋರಿಸಿದ ಕಡೆಯೇ ತುಂಡುತುಂಡಾದ ಗೆರೆಯಲ್ಲಿ ದಾರಿ ಇತ್ತು. ಅದು ತೆರೆದರೆ ಸರ್ಕಾರಿ ಶಾಲೆಗೆ ಹೋಗುವ ಮಕ್ಕಳು ಮುಖ್ಯರಸ್ತೆ ಸುತ್ತಬೇಕಾಗಿಲ್ಲ.

ಅಷ್ಟು ಹೊತ್ತಿಗೆ ವಾರ್ಡ್ ಸಮಿತಿ ಸಭೆಗಳು ಪ್ರತಿ ತಿಂಗಳ ಮೊದಲ ಶನಿವಾರ ನಡೆಯತೊಡಗಿದ್ದವು. ಆಗಿನ ಕಾನೂನಿನಂತೆ ಸಮಿತಿಗೆ ಪಾಲಿಕೆ ಸದಸ್ಯರೇ ಅಧ್ಯಕ್ಷರು. ನಾಮಕರಣಗೊಂಡ ಹತ್ತು ಜನರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು ಇರಬೇಕಿತ್ತು. ನಮ್ಮವರು ಯಾರೂ ಸಮಿತಿಯಲ್ಲಿ ಇರಲಿಲ್ಲ, ಸಾರ್ವಜನಿಕರಾಗಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆವು. ಮೊದಮೊದಲು ಬಾಯಿಮಾತಿನ ದೂರುಗಳನ್ನೆಲ್ಲ ಎಂಜಿನಿಯರು "ನೋಡೋಣ ಮೇಡಂ" ಎಂದು ಬರೆದುಕೊಂಡು ಪುಟ ಮಗುಚುತ್ತಿದ್ದರು. ನಾಲ್ಕನೆಯ ಸಭೆಯಲ್ಲಿ ಎರಡೂ ನಕ್ಷೆಗಳನ್ನು ಅವರ ಮೇಜಿನ ಮೇಲೆ ಅಕ್ಕಪಕ್ಕ ಹರಡಿದೆವು. ಅವರು ಕನ್ನಡಕ ಹಾಕಿಕೊಂಡು ಎದ್ದು ನಿಂತು ಬಗ್ಗಿ ನೋಡಿದರು. ಆಮೇಲೆ ಪ್ರಶ್ನೆ ಕೇಳಿದವರು ಅವರೇ. ದಾರಿಯನ್ನು ಅಳೆಸಬೇಕೆಂದು ನಡಾವಳಿಯಲ್ಲಿ ಬರೆದುಕೊಂಡರು. ನಡಾವಳಿಯ ಪ್ರತಿ ಪಡೆಯದೆ ನಾವು ಎದ್ದು ಬರಲಿಲ್ಲ. ಈ ಕೆಲಸಕ್ಕೆ ಇಳಿಯುವವರು ಭಾಷಣ ಕಲಿಯದಿದ್ದರೂ ನಡೆಯುತ್ತದೆ, ಆ ಪ್ರತಿಯನ್ನು ಮಾತ್ರ ಬಿಡಬೇಡಿ.

ಅಳತೆಗೆ ಭೂಮಾಪಕರು ಬರಲು ಹನ್ನೊಂದು ತಿಂಗಳು ಹಿಡಿಯಿತು. ಆ ನಡುವೆ ಮಾಹಿತಿ ಹಕ್ಕಿನ ಅರ್ಜಿಗಳನ್ನು ಹಾಕುತ್ತಲೇ ಇದ್ದೆವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳೊಳಗೆ. ನಾವು ಬರೆದು ಕೊಟ್ಟಿದ್ದರಲ್ಲಿ ಮುಕ್ಕಾಲು ಪಾಲನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ಗೌರವಾನ್ವಿತರೇ, ಈ ಮೂಲಕ, ತಮ್ಮಲ್ಲಿ ಕಳಕಳಿಯ ವಿನಂತಿ, ಎಲ್ಲ ಹೋಯಿತು. ಉಳಿದ ಪ್ರಶ್ನೆಗೆ ಉತ್ತರ ಬರುತ್ತಿತ್ತು.

2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು, ವರ್ಷಗಳ ಕಾಲ ಚುನಾವಣೆಯೇ ನಡೆಯಲಿಲ್ಲ. ಶನಿವಾರದ ಸಭೆಗಳು ನಮ್ಮ ವಾರ್ಡಿನಲ್ಲಿ ಒಮ್ಮೆ ಇದ್ದರೆ ಎರಡು ಬಾರಿ ಇಲ್ಲ. ಕಟ್ಟೆಯ ಸಭೆ ಮಾತ್ರ ಎರಡನೆಯ ಭಾನುವಾರ ತಪ್ಪದೆ ನಡೆಯಿತು, ಕೆಲವೊಮ್ಮೆ ನಾಲ್ಕೇ ಜನ. ಶೆಡ್ಡನ್ನು ಕೊನೆಗೂ ತೆಗೆಸಿದರು. ದಾರಿಗೆ ಕಲ್ಲುಹಾಸೂ ಬಂತು, ಕೊನೆಯ ಅರವತ್ತು ಅಡಿ ಬಿಟ್ಟು.

2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದು ವಾರ್ಡುಗಳನ್ನು ಹೊಸದಾಗಿ ಗುರುತಿಸಿದರು. ನಮ್ಮ ನಕ್ಷೆಯ ಮೇಲೆ ಹೊಸ ಗಡಿಯನ್ನು ಕೆಂಪು ಪೆನ್ಸಿಲಿನಲ್ಲಿ ಎಳೆದು ನೋಡಿದರೆ, ಬಡಾವಣೆ ಒಂದು ವಾರ್ಡಿಗೆ, ಊರು ಇನ್ನೊಂದಕ್ಕೆ. ಗೆರೆ ಬಂಡಿದಾರಿಯ ಮೇಲೆಯೇ ಹಾದುಹೋಗಿದೆ. ಉಳಿದ ಅರವತ್ತು ಅಡಿಗೆ ಕಲ್ಲು ಹಾಸಬೇಕಾದವರು ಯಾರು ಎಂದು ಕೇಳುವ ಅರ್ಜಿ ಸದ್ಯ 210 ಪದಗಳಲ್ಲಿದೆ. ಮೇಷ್ಟ್ರು ಶಾಯಿ ತುಂಬಿಸಿಕೊಂಡು ಕೂತಿದ್ದಾರೆ.