ಮಣ್ಣಿನ ಹಾದಿಯಲ್ಲಿ ಎರಡು ದಿನ: ಗೆಳೆಯರೊಡನೆ ಸಕಲೇಶಪುರ ಸೀಮೆಗೆ ಬೈಕ್ ಪ್ರಯಾಣ

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್ ದೂರ. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಶನಿವಾರ ನಸುಕಿನಲ್ಲೇ ಹೊರಟವರು ತಿಂಡಿಯ ಬಿಡುವನ್ನೂ ಸೇರಿಸಿಕೊಂಡು ಹನ್ನೊಂದು ಗಂಟೆಯ ಹೊತ್ತಿಗೆ ಅಲ್ಲಿರಬಹುದು. ಅಲ್ಲಿಂದ ಹೆತ್ತೂರು, ಯಸಳೂರು, ಬಿಸಿಲೆಯ ಕಡೆಗೆ ತಿರುಗಿದರೆ ಡಾಂಬರು ರಸ್ತೆಯ ಎರಡೂ ಬದಿಗೆ ಕಾಫಿ ತೋಟ, ಗದ್ದೆ ಬಯಲುಗಳ ನಡುವೆ ಊರಿಂದ ಊರಿಗೆ ಹೋಗುವ ಮಣ್ಣಿನ ದಾರಿಗಳು ಒಂದಾದ ಮೇಲೊಂದರಂತೆ ಸಿಗುತ್ತವೆ. ಗೆಳೆಯರ ಗುಂಪೊಂದು ವಾರಾಂತ್ಯದಲ್ಲಿ ಮೊದಲ ಬಾರಿಗೆ ಆಫ್‌ರೋಡ್ ಪ್ರಯಾಣ ಕೈಗೊಳ್ಳಲು ಇದಕ್ಕಿಂತ ಒಳ್ಳೆಯ ಸೀಮೆಯನ್ನು ನಾನು ಕಂಡಿಲ್ಲ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ಆ ಸೀಮೆಯನ್ನೇ ಕಣ್ಣ ಮುಂದಿಟ್ಟುಕೊಂಡು ಬರೆದದ್ದು.

ಹೊಸಬರು ಮಾಡುವ ದೊಡ್ಡ ತಪ್ಪು ಬೈಕಿನ ಆಯ್ಕೆಯದಲ್ಲ, ದೂರದ ಲೆಕ್ಕಾಚಾರದ್ದು. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸಾಗಿದವರು ಮಣ್ಣಿನ ಹಾದಿಯಲ್ಲಿ ಕನಿಷ್ಠ 30 ಆದರೂ ಸಾಗಬಹುದೆಂದು ಎಣಿಸಿ, ಒಂದೇ ದಿನಕ್ಕೆ ನೂರು ಕಿಲೋಮೀಟರಿನ ದಾರಿಯನ್ನು ಗುರುತು ಹಾಕಿಕೊಳ್ಳುತ್ತಾರೆ. ವಾಸ್ತವದಲ್ಲಿ ಏರು, ಕೊರಕಲು, ಸಡಿಲ ಕಲ್ಲುಗಳಿರುವ ಹಾದಿಯಲ್ಲಿ ಐದು ಜನರ ಗುಂಪು, ಬಿದ್ದದ್ದು, ಎದ್ದದ್ದು, ಹಿಂದಿನವರಿಗಾಗಿ ಕಾದದ್ದು ಎಲ್ಲವನ್ನೂ ಸೇರಿಸಿದರೆ, ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ಮುಂದೆ ಹೋಗುವುದಿಲ್ಲ. ಶನಿವಾರ ಮಧ್ಯಾಹ್ನ 20 ಕಿ.ಮೀ., ಭಾನುವಾರ ಬೆಳಿಗ್ಗೆ 20 ಕಿ.ಮೀ. ಮಣ್ಣಿನ ಹಾದಿ ಮೊದಲ ಪ್ರಯಾಣಕ್ಕೆ ಸಾಕು. ಗುಂಪಿನಲ್ಲಿ ಅತ್ಯಂತ ಕಡಿಮೆ ಅನುಭವವಿರುವವನು ಸಂಜೆ ಐದಕ್ಕೆ ದಣಿಯದೆ ತಂಗುವ ಜಾಗ ಸೇರುವಷ್ಟು ದೂರವನ್ನು ಮಾತ್ರ ಇಟ್ಟುಕೊಳ್ಳಬೇಕು; ಉಳಿದವರ ಉತ್ಸಾಹ ಆ ಲೆಕ್ಕವನ್ನು ಬದಲಿಸಬಾರದು.

ಕಾಲದ ಆಯ್ಕೆಯೂ ಇದಕ್ಕೆ ಹೊಂದಿಕೊಂಡಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದ ಮಳೆ ಅಭ್ಯಾಸವಿಲ್ಲದವರ ಆಟವಲ್ಲ. ದಾರಿಯ ಮೇಲೆ ಪಾಚಿ ಕಟ್ಟಿರುತ್ತದೆ, ಹಳ್ಳಗಳು ಗಂಟೆಯೊಳಗೆ ಏರುತ್ತವೆ, ಬೂಟಿನೊಳಗೆ ಇಂಬಳ (ಜಿಗಣೆ) ಹತ್ತಿದ್ದು ರಕ್ತ ಕಂಡ ಮೇಲೆಯೇ ತಿಳಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಕಾಫಿ ಕೊಯ್ಲಿನ ಸಮಯವಾದ್ದರಿಂದ ತೋಟದ ದಾರಿಗಳಲ್ಲಿ ಕೆಲಸದವರೂ ಹಣ್ಣು ತುಂಬಿದ ಪಿಕಪ್‌ಗಳೂ ಓಡಾಡುತ್ತಿರುತ್ತವೆ. ನನ್ನ ಪ್ರಕಾರ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮುಗಿಯುವವರೆಗಿನ ದಿನಗಳು ಅತ್ಯುತ್ತಮ. ಮಣ್ಣಿನಲ್ಲಿ ಇನ್ನೂ ಸ್ವಲ್ಪ ತೇವ ಉಳಿದು ಚಕ್ರಕ್ಕೆ ಹಿಡಿತ ಸಿಗುತ್ತದೆ, ಧೂಳು ಏಳುವುದಿಲ್ಲ.

ಬೈಕಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಎಕ್ಸ್‌ಪಲ್ಸ್ 200, ಹಿಮಾಲಯನ್‌ಗಳಂತಹ ಬೈಕುಗಳಿಗೆ ಮುಂದಿನ ಚಕ್ರ 21 ಇಂಚಿನದಾಗಿದ್ದು, ನೆಲದಿಂದ ಎಂಜಿನ್‌ವರೆಗಿನ ಅಂತರ 220 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿರುವುದರಿಂದ ಕಲ್ಲು ಗುಂಡಿಗಳನ್ನು ಅವು ಸುಲಭವಾಗಿ ದಾಟುತ್ತವೆ. ಇವು ಇಲ್ಲದವರು ತಮ್ಮ ಬಳಿಯಿರುವ ಸಾಧಾರಣ ಬೈಕಿನಲ್ಲೇ ಬರಬಹುದು. ಆದರೆ ಆಗ ಗುಂಪಿನ ದಾರಿಯನ್ನು ಆ ಬೈಕಿಗೆ ತಕ್ಕಂತೆ ಆರಿಸಬೇಕೇ ಹೊರತು ಬೈಕನ್ನು ದಾರಿಗೆ ಬಲಿ ಕೊಡಬಾರದು. ಹೊಸಬರಿಗೆ ಭಾರವಾದ ಬೈಕಿಗಿಂತ ಹಗುರವಾದದ್ದು ವಾಸಿ, ಏಕೆಂದರೆ ದಿನಕ್ಕೆ ಆರು ಸಲ ಅದನ್ನು ಎತ್ತಿ ನಿಲ್ಲಿಸಬೇಕಾದವರು ಅವರೇ.

ಹೊರಡುವ ಮುನ್ನಾದಿನ ಚೈನಿನ ಬಿಗಿ, ಬ್ರೇಕ್ ಪ್ಯಾಡ್, ಕ್ಲಚ್ ಕೇಬಲ್, ಚಕ್ರದ ಕಡ್ಡಿಗಳು, ಇವಿಷ್ಟನ್ನು ಕೈಯಿಂದ ಮುಟ್ಟಿ ನೋಡಬೇಕು. ಜೊತೆಗೆ ಒಯ್ಯುವ ಸಾಮಾನು ಐದು ಜನರ ನಡುವೆ ಒಂದೇ ಕಟ್ಟಾಗಿದ್ದರೆ ಸಾಕು: ಪಂಕ್ಚರ್ ಕಿಟ್, ಗಾಳಿ ತುಂಬುವ ಪಂಪು, ಮುಂದಿನ ಚಕ್ರದ ಒಂದು ಟ್ಯೂಬು (21 ಇಂಚಿನದು ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಸಿಗುವುದು ಕಷ್ಟ), ಆಯಾ ಬೈಕಿನ ಕ್ಲಚ್ ಲಿವರ್ ಮತ್ತು ಕೇಬಲ್, ಸ್ಪಾರ್ಕ್ ಪ್ಲಗ್ ಬಿಚ್ಚುವ ಸ್ಪ್ಯಾನರ್, ಗಟ್ಟಿ ಹಗ್ಗ, ಪ್ಲಾಸ್ಟಿಕ್ ಟ್ಯಾಗ್‌ಗಳು ಮತ್ತು ಒಂದು ಪೊಟ್ಟಣ ಎಂ‌-ಸೀಲ್. ಕಲ್ಲು ತಾಗಿ ಎಂಜಿನ್ನಿನ ಕೆಳಭಾಗ ಸೀಳಿ ಆಯಿಲ್ ತೊಟ್ಟಿಕ್ಕತೊಡಗಿದಾಗ ಆ ಜಾಗವನ್ನು ಪೆಟ್ರೋಲಿನಲ್ಲಿ ಒರೆಸಿ, ಒಣಗಿಸಿ, ನಾದಿದ ಎಂ‌-ಸೀಲನ್ನು ಒತ್ತಿ ಒಂದೆರಡು ಗಂಟೆ ಗಟ್ಟಿಯಾಗಲು ಬಿಟ್ಟರೆ ಊರು ಸೇರಬಹುದು. ಭಾರವನ್ನೆಲ್ಲ ಸೀಟಿನ ಮೇಲೆ ಕೆಳಮಟ್ಟದಲ್ಲಿ ಬಿಗಿಯಬೇಕು. ಬೆನ್ನಿಗೆ ನೀರಿನ ಚೀಲ ಮಾತ್ರ ಇರಲಿ. ಐಎಸ್‌ಐ ಗುರುತಿನ ಹೆಲ್ಮೆಟ್, ಮೊಣಕಾಲು ಮತ್ತು ಮೊಣಕೈ ಗಾರ್ಡ್‌ಗಳು, ಹರಡನ್ನು ಪೂರ್ತಿ ಮುಚ್ಚುವ ಬೂಟು ಇಲ್ಲದವರನ್ನು, ಅವರು ಎಷ್ಟೇ ಆಪ್ತರಾದರೂ, ಮಣ್ಣಿನ ಹಾದಿಗೆ ಇಳಿಸಬಾರದು. ಈ ಹಾದಿಯಲ್ಲಿ ಬೀಳುವಾಗ ವೇಗ ಕಡಿಮೆಯೇ ಇರುತ್ತದೆ, ಆದರೆ ಬೈಕಿನ ಅಡಿಗೆ ಸಿಕ್ಕಿಕೊಳ್ಳುವುದು ಬಹುಪಾಲು ಕಾಲು.

ಡಾಂಬರು ಮುಗಿದ ಜಾಗದಲ್ಲಿ ಎಲ್ಲರೂ ನಿಂತು ಮೊದಲು ಮಾಡಬೇಕಾದ ಕೆಲಸ ಟೈರಿನ ಗಾಳಿ ಇಳಿಸುವುದು. ಹೆದ್ದಾರಿಯಲ್ಲಿ 25ರಿಂದ 30 ಪಿಎಸ್‌ಐ ಇದ್ದ ಗಾಳಿಯನ್ನು 20ರಿಂದ 22ಕ್ಕೆ ತಂದರೆ ಟೈರು ಅಗಲವಾಗಿ ನೆಲವನ್ನು ತಬ್ಬಿಕೊಳ್ಳುತ್ತದೆ. ಟ್ಯೂಬ್ ಇರುವ ಚಕ್ರದಲ್ಲಿ ಅದಕ್ಕಿಂತ ತೀರಾ ಕಡಿಮೆ ಮಾಡಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ನಜ್ಜಾಗಿ ಎರಡು ಕಡೆ ತೂತು ಬೀಳುತ್ತದೆ. ಹಿಂದಿನ ಚಕ್ರದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡುವ ಸೌಲಭ್ಯ ಬೈಕಿನಲ್ಲಿದ್ದರೆ ಅದನ್ನೂ ಇಲ್ಲೇ ಆಫ್ ಮಾಡಬೇಕು. ಸಡಿಲ ಮಣ್ಣಿನ ಇಳಿಜಾರಿನಲ್ಲಿ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಬೈಕು ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ.

ಓಡಿಸುವ ಬಗೆ

ಫುಟ್‌ರೆಸ್ಟಿನ ಮೇಲೆ ನಿಂತು ಓಡಿಸುವುದು ಪ್ರದರ್ಶನಕ್ಕಾಗಿ ಅಲ್ಲ. ಕುಳಿತಾಗ ಮೈಭಾರವೆಲ್ಲ ಸೀಟಿನ ಮೇಲೆ ಬಿದ್ದು, ಹಿಂದಿನ ಚಕ್ರದ ಪ್ರತಿ ಕುಲುಕಾಟವೂ ಬೆನ್ನುಹುರಿಗೆ ಏರುತ್ತದೆ. ನಿಂತಾಗ ಅದೇ ಭಾರ ಫುಟ್‌ರೆಸ್ಟಿಗಿಳಿದು, ಮೊಣಕಾಲುಗಳು ಕುಲುಕಾಟವನ್ನು ನುಂಗಿ, ಬೈಕು ನಮ್ಮ ಕೆಳಗೆ ಎಡಬಲಕ್ಕೆ ಹೊರಳಾಡಲು ಬಿಡುವು ಸಿಗುತ್ತದೆ. ಮೊಣಕಾಲಿನಿಂದ ಟ್ಯಾಂಕನ್ನು ಹಗುರವಾಗಿ ಒತ್ತಿ ಹಿಡಿದು, ಮೊಣಕೈಯನ್ನು ಹೊರಕ್ಕೆ ಮಡಿಚಿ, ಹ್ಯಾಂಡಲನ್ನು ಸಡಿಲವಾಗಿ ಹಿಡಿಯಬೇಕು. ದೃಷ್ಟಿ ಮುಂದಿನ ಚಕ್ರದ ಮೇಲಲ್ಲ, ಹತ್ತು ಹದಿನೈದು ಮೀಟರ್ ಮುಂದೆ ಇರಬೇಕು. ಹೊಸಬರು ಕಲ್ಲನ್ನು ತಪ್ಪಿಸಬೇಕೆಂದು ಕಲ್ಲನ್ನೇ ನೋಡುತ್ತಾ ಹೋಗಿ ಅದಕ್ಕೇ ಗುದ್ದುತ್ತಾರೆ; ಕಣ್ಣು ಹೋದ ಕಡೆಗೇ ಬೈಕೂ ಹೋಗುತ್ತದೆ.

ಏರಿನಲ್ಲಿ ಮೊದಲನೆಯ ಅಥವಾ ಎರಡನೆಯ ಗೇರನ್ನು ಬುಡದಲ್ಲೇ ಹಾಕಿಕೊಂಡು, ನಡುವೆ ಗೇರ್ ಬದಲಿಸದೆ, ಒಂದೇ ಸಮನಾದ ಆಕ್ಸಿಲರೇಟರ್‌ನಲ್ಲಿ ಹತ್ತಬೇಕು. ನಡುದಾರಿಯಲ್ಲಿ ಎಂಜಿನ್ ನಿಂತುಹೋದರೆ ಗಾಬರಿಯಿಂದ ಕ್ಲಚ್ ಹಿಡಿಯಬಾರದು. ಗೇರಿನಲ್ಲಿರುವ ಬೈಕನ್ನು ಎಂಜಿನ್ನೇ ಹಿಂದಕ್ಕೆ ಜಾರದಂತೆ ತಡೆಯುತ್ತದೆ, ಕ್ಲಚ್ ಹಿಡಿದ ಕ್ಷಣ ಆ ತಡೆ ತಪ್ಪುತ್ತದೆ. ಹಿಂದೆ ಬರುವವನು ಮುಂದಿನವನು ಪೂರ್ತಿ ಹತ್ತಿ ಮುಗಿಸುವವರೆಗೆ ಕೆಳಗೇ ಕಾಯಬೇಕು. ಇಳಿಜಾರಿನಲ್ಲಿಯೂ ಮೊದಲನೆಯ ಗೇರೇ ಸರಿ. ಎಂಜಿನ್ನಿನ ಹಿಡಿತ, ಹಿಂದಿನ ಬ್ರೇಕಿನ ಅದುಮು ಮತ್ತು ಮುಂದಿನ ಬ್ರೇಕಿಗೆ ಎರಡೇ ಬೆರಳು.

ಬಿದ್ದ ಬೈಕನ್ನು ಎತ್ತುವುದಕ್ಕೂ ಒಂದು ಕ್ರಮವಿದೆ. ಕೀ ಆಫ್ ಮಾಡಿ, ಸೈಡ್ ಸ್ಟ್ಯಾಂಡ್ ಇರುವ ಮಗ್ಗುಲು ಮೇಲಾಗಿ ಬಿದ್ದಿದ್ದರೆ ಅದನ್ನು ಮೊದಲೇ ಚಾಚಿಟ್ಟು, ಗೇರಿನಲ್ಲಿರಿಸಿ, ಬೈಕಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಒಂದು ಕೈ ಹ್ಯಾಂಡಲಿನ ತುದಿಗೆ, ಇನ್ನೊಂದು ಸೀಟಿನ ಕೆಳಗಿನ ಫ್ರೇಮಿಗೆ ಹಿಡಿದು, ಸಣ್ಣ ಹೆಜ್ಜೆಗಳನ್ನಿಡುತ್ತಾ ತೊಡೆಯ ಬಲದಿಂದ ಹಿಂದಕ್ಕೆ ತಳ್ಳಬೇಕು. ಸೊಂಟ ಬಗ್ಗಿಸಿ ಎತ್ತಲು ಹೋದವರು ಸೋಮವಾರ ಹಾಸಿಗೆಯಿಂದ ಏಳುವುದಿಲ್ಲ.

ಹಳ್ಳ ದಾಟುವ ವಿಷಯದಲ್ಲಿ ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೆತ್ತೂರಿನ ಆಚೆ ಒಂದು ನವೆಂಬರ್ ಬೆಳಿಗ್ಗೆ, ನೋಡಲು ಮೊಣಕಾಲಿನಷ್ಟೂ ಆಳವಿಲ್ಲದ ತಿಳಿನೀರಿನ ಹಳ್ಳವೊಂದನ್ನು ನಮ್ಮ ಗೆಳೆಯನೊಬ್ಬ ನಡೆದು ನೋಡದೆ ಹಾಯಲು ಹೋದ. ನಡುವೆ ನೀರು ಕೊರೆದ ಗುಂಡಿಯೊಂದಿತ್ತು. ಮುಂದಿನ ಚಕ್ರ ಅದರಲ್ಲಿ ಇಳಿದು ಬೈಕು ಮಗ್ಗುಲಾಯಿತು, ಓಡುತ್ತಿದ್ದ ಎಂಜಿನ್ ನೀರೆಳೆದುಕೊಂಡು ನಿಂತುಹೋಯಿತು. ನಾವು ಇಬ್ಬರು ಹೋಗಿ ಬೈಕನ್ನು ಎತ್ತುವಷ್ಟರಲ್ಲಿ ಆತ ಸಂಕೋಚದಿಂದ ಸೆಲ್ಫ್ ಒತ್ತಿಬಿಟ್ಟ. ಟಕ್ ಎಂದು ಒಂದೇ ಒಂದು ಸದ್ದು ಬಂತು, ಅಷ್ಟೇ. ಏರ್ ಫಿಲ್ಟರಿನ ದಾರಿಯಾಗಿ ಸಿಲಿಂಡರಿನೊಳಗೆ ಸೇರಿದ ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ, ಮೇಲೇರಿದ ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗಿತ್ತು. ಅಂದಿನ ಪ್ರಯಾಣ ಅಲ್ಲಿಗೇ ಮುಗಿದು, ಬೈಕು ಪಿಕಪ್ಪಿನಲ್ಲಿ ಹಾಸನಕ್ಕೆ ಹೋಯಿತು.

ಆದ್ದರಿಂದ ಯಾವ ಹಳ್ಳವನ್ನಾದರೂ ಒಬ್ಬರು ಮೊದಲು ಕೋಲು ಹಿಡಿದು ನಡೆದು ದಾಟಿ ಬರಬೇಕು. ನೀರು ಚಕ್ರದ ನಡುವಿನ ಅಚ್ಚಿಗಿಂತ ಮೇಲಿದ್ದರೆ, ಅಥವಾ ನಡೆಯುವವರ ಕಾಲನ್ನು ಸೆಳೆಯುವಷ್ಟು ರಭಸವಿದ್ದರೆ, ಬೇರೆ ದಾರಿ ಹುಡುಕಬೇಕು. ದಾಟುವಾಗ ಮೊದಲನೆಯ ಗೇರಿನಲ್ಲಿ, ನಿಧಾನವಾಗಿ, ಆಕ್ಸಿಲರೇಟರ್ ಪೂರ್ತಿ ಬಿಡದೆ ಸಾಗಬೇಕು. ಇಬ್ಬರು ನೀರಿನಲ್ಲಿ ಕೆಳಮಗ್ಗುಲಿಗೆ ನಿಲ್ಲದೆ, ಹರಿವಿನ ಮೇಲ್ಬದಿಯಲ್ಲಿ ನಿಂತಿರಲಿ, ಇಲ್ಲದಿದ್ದರೆ ಬೈಕು ಮಗುಚಿದಾಗ ಅದರಡಿಗೆ ಸಿಕ್ಕುವ ಅಪಾಯವಿದೆ. ಬೈಕು ನೀರಿಗೆ ಬಿದ್ದರೆ ಮೊದಲು ಕೀ ಆಫ್ ಮಾಡಬೇಕು, ದಡಕ್ಕೆ ತಳ್ಳಬೇಕು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನ ಎದುರು ಯಾರೂ ನಿಲ್ಲದಂತೆ ನೋಡಿಕೊಂಡು, ಎಂಜಿನ್ ತಿರುಗಿಸಿ ನೀರನ್ನೆಲ್ಲ ಹೊರಹಾಕಬೇಕು. ಏರ್ ಫಿಲ್ಟರನ್ನು ಒಣಗಿಸಬೇಕು. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬದಲಿಸದೆ ಎಂಜಿನ್ ಚಾಲೂ ಮಾಡಬಾರದು.

ಹಾದಿ ಯಾರದು

ಮಲೆನಾಡಿನ ಮಣ್ಣಿನ ದಾರಿಗಳಲ್ಲಿ ಊರಿನವರೆಲ್ಲ ಓಡಾಡುವ ದಾರಿಯೂ, ಒಂದು ಮನೆಯ ತೋಟದ ಒಳದಾರಿಯೂ, ಅರಣ್ಯ ಇಲಾಖೆಯ ದಾರಿಯೂ ಮ್ಯಾಪಿನಲ್ಲಿ ಒಂದೇ ಬಗೆಯ ಗೆರೆಯಾಗಿ ಕಾಣುತ್ತವೆ. ಹೋಂಸ್ಟೇ ನಡೆಸುವವರನ್ನು ಎರಡು ದಿನ ಮೊದಲೇ ಫೋನಿನಲ್ಲಿ ಕೇಳಿ, ಯಾವ ದಾರಿಗೆ ಯಾರ ಒಪ್ಪಿಗೆ ಬೇಕೆಂದು ತಿಳಿದುಕೊಳ್ಳಬೇಕು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಕಾಯ್ದೆಯೂ ಅನ್ವಯಿಸುತ್ತದೆ. ಬಿಸಿಲೆಗೆ ಹೊಂದಿಕೊಂಡಂತಿರುವ ಪುಷ್ಪಗಿರಿ ಅಭಯಾರಣ್ಯ, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು. ದಾರಿಯಿರದ ಹುಲ್ಲುಗುಡ್ಡದ ಮೇಲೆ ಬೈಕು ಹತ್ತಿಸುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಒಂದು ಬೈಕಿನ ಚಕ್ರ ಸೀಳಿದ ಹುಲ್ಲಿನ ಗೆರೆ ಮುಂದಿನ ಜೂನ್‌ನಲ್ಲಿ ನೀರಿನ ಕಾಲುವೆಯಾಗುತ್ತದೆ, ಎರಡು ಮಳೆಗಾಲದಲ್ಲಿ ಕೊರಕಲಾಗುತ್ತದೆ, ಮೇಲ್ಮಣ್ಣು ಹಳ್ಳ ಸೇರುತ್ತದೆ.

ಊರ ದಾರಿಗೆ ಅಡ್ಡಲಾಗಿ ಎರಡು ಕಂಬಗಳ ತೂತಿನಲ್ಲಿ ಮೂರು ನಾಲ್ಕು ಗಳುಗಳನ್ನು ತೂರಿಸಿಟ್ಟ ಉಣಗೋಲು ಸಿಗುತ್ತದೆ. ಒಮ್ಮೆ ನಾವು ಗಳುಗಳನ್ನು ಸರಿಸಿ ದಾಟಿ, ಕೊನೆಯವನು ಹಾಕುತ್ತಾನೆಂದು ಎಲ್ಲರೂ ಎಣಿಸಿ, ಯಾರೂ ಹಾಕದೆ ಮುಂದೆ ಹೋಗಿದ್ದೆವು. ಮರಳಿ ಬರುವಾಗ ಅಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು, "ನೀವು ಹೋಗೋದೇನೋ ಹೋದ್ರಿ ಮಾರಾಯ್ರೆ, ದನ ಗದ್ದೆಗೆ ಇಳಿದ್ರೆ ಕಾಯೋರು ಯಾರು?" ಎಂದು ಕೇಳಿದರು. ಪೈರು ತೆನೆ ತುಂಬಿದ್ದ ಕಾಲವದು. ಅಂದಿನಿಂದ ನಮ್ಮ ಗುಂಪಿನಲ್ಲಿ ಕೊನೆಯಲ್ಲಿ ಬರುವವನ ಹೊಣೆಗಳಲ್ಲಿ ಉಣಗೋಲು ಹಾಕುವುದು ಮೊದಲನೆಯದು.

ಆ ಕೊನೆಯವನು ಗುಂಪಿನ ಅತ್ಯಂತ ಅನುಭವಿಯಾಗಿರಬೇಕು, ಉಪಕರಣಗಳ ಚೀಲವೂ ಔಷಧದ ಚೀಲವೂ ಅವನ ಬಳಿಯಿರಬೇಕು. ಕವಲು ದಾರಿ ಬಂದಲ್ಲೆಲ್ಲ ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಣ್ಣಿಗೆ ಬೀಳುವವರೆಗೆ ನಿಲ್ಲುವುದು ಎಂಬ ಒಂದೇ ನಿಯಮ ಪಾಲಿಸಿದರೆ ಯಾರೂ ದಾರಿ ತಪ್ಪುವುದಿಲ್ಲ. ಈ ಭಾಗದಲ್ಲಿ ಮೊಬೈಲ್ ಸಿಗ್ನಲ್ ಅಲ್ಲೊಂದು ಇಲ್ಲೊಂದು ದಿಣ್ಣೆಯ ಮೇಲೆ ಮಾತ್ರ ದೊರೆಯುವುದರಿಂದ ಮ್ಯಾಪನ್ನು ಮೊದಲೇ ಇಳಿಸಿಕೊಂಡಿರಬೇಕು, ಸಿಗ್ನಲ್ ಸಿಕ್ಕ ಜಾಗಗಳನ್ನು ಅದರಲ್ಲಿ ಗುರುತು ಹಾಕುತ್ತಾ ಹೋಗಬೇಕು. ಯಾರಿಗಾದರೂ ಪೆಟ್ಟಾದರೆ 108ಕ್ಕೆ ಕರೆ ಮಾಡಲು ಎಷ್ಟು ಹಿಂದಕ್ಕೆ ಓಡಬೇಕೆಂಬುದು ಆಗ ತಿಳಿದಿರುತ್ತದೆ.

ಸಕಲೇಶಪುರ, ಆಲೂರು ಸೀಮೆಯ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ. ಹಿಂಡು ಹಿಂದಿನ ರಾತ್ರಿ ಎಲ್ಲಿತ್ತೆಂಬುದು ಊರಿನವರಿಗೆ ಸಾಮಾನ್ಯವಾಗಿ ತಿಳಿದಿರುತ್ತದೆ. ಹೊರಡುವ ಮುನ್ನ ಕೇಳದೆ ಹೊರಡಬಾರದು. ಬೆಳಿಗ್ಗೆ ಎಂಟರ ಮೊದಲು, ಸಂಜೆ ಐದರ ನಂತರ ತೋಟದ ದಾರಿ ಬೇಡ. ತಿರುವಿನಲ್ಲಿ ಹಸಿ ಲದ್ದಿ, ಮುರಿದ ಬೈನೆ ಮರ ಕಂಡರೆ ಹಾರನ್ ಮಾಡದೆ ಬಂದ ದಾರಿಯಲ್ಲೇ ಹಿಂದಿರುಗಬೇಕು.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಮಣ್ಣಿನ ಹಾದಿಯನ್ನು ನಿಲ್ಲಿಸಬೇಕು, ಇನ್ನು ಎರಡೇ ಕಿಲೋಮೀಟರಿನಲ್ಲಿ ಒಳ್ಳೆಯ ಜಾಗವಿದೆಯೆಂದು ಯಾರು ಹೇಳಿದರೂ. ಸಕಲೇಶಪುರದಲ್ಲಿ ಟೈರಿಗೆ ಮತ್ತೆ ಗಾಳಿ ತುಂಬಿಸಿ, ಎಬಿಎಸ್ ಹಾಕಿ, ಚೈನಿಗೆ ಎಣ್ಣೆ ಬಿಟ್ಟು, ಹೊಟ್ಟೆ ತುಂಬ ಉಂಡು, ಅರ್ಧ ಗಂಟೆ ನೆರಳಿನಲ್ಲಿ ಕಾಲು ಚಾಚಿ ಕುಳಿತ ಮೇಲೆ ಹೆದ್ದಾರಿಗೆ ಇಳಿಯಬೇಕು. ಎರಡು ದಿನ ನಿಂತು ಓಡಿಸಿದ ಮೈಗೆ ಹೆದ್ದಾರಿಯ ಏಕತಾನದಲ್ಲಿ ತೂಕಡಿಕೆ ಬರುವುದು ಹಿರೀಸಾವೆ, ಬೆಳ್ಳೂರು ಕ್ರಾಸ್‌ಗಳ ನಡುವೆ. ಅಲ್ಲಿ ಕಾಫಿಗೆ ನಿಲ್ಲುವುದನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಎರಡು ಗಂಟೆಗೆ ಸಕಲೇಶಪುರ ಬಿಟ್ಟವರು, ನೆಲಮಂಗಲದ ಬಳಿಯ ಭಾನುವಾರ ಸಂಜೆಯ ವಾಹನಗಳ ಸಾಲನ್ನು ದಾಟಿಯೂ, ಎಂಟರೊಳಗೆ ಮನೆಯಲ್ಲಿರುತ್ತಾರೆ.