ಕಂಬಗಳ ನಡುವಿನ ಬಿಳಿ ಆಕಾಶ: ಬಾದಾಮಿಯಲ್ಲಿ ಎಚ್‌ಡಿಆರ್ ಚಿತ್ರೀಕರಣದ ನನ್ನ ಅನುಭವ

ಬಾದಾಮಿಯ ಮೂರನೆಯ ಗುಹೆಯ ಪಡಸಾಲೆಯ ಪೂರ್ವದ ತುದಿಯಲ್ಲಿ ಶೇಷನ ಮೇಲೆ ಕುಳಿತ ವಿಷ್ಣುವಿನ ದೊಡ್ಡ ಉಬ್ಬುಶಿಲ್ಪವಿದೆ. ಮಂಗಳೇಶನ ಶಾಸನದ ಆಧಾರದಿಂದ ಈ ಗುಹೆಯ ಕಾಲ ಕ್ರಿ.ಶ. 578 ಎಂದು ಖಚಿತವಾಗಿ ಹೇಳಬಹುದಾದ್ದರಿಂದ, ಚಾಲುಕ್ಯ ಶಿಲ್ಪವನ್ನು ಕುರಿತ ನಮ್ಮ ಸಾಕ್ಷ್ಯಚಿತ್ರವನ್ನು ಇಲ್ಲಿಂದಲೇ ಆರಂಭಿಸಬೇಕೆಂದು ನಿರ್ದೇಶಕರು ನಿಶ್ಚಯಿಸಿದ್ದರು. ಅನುಮತಿ ದೊರೆತ ಮೇಲೆ, ದೀಪಗಳನ್ನು ಒಯ್ಯದೆ, ಇರುವ ಬೆಳಕಿನಲ್ಲೇ ಎಚ್‌ಡಿಆರ್‌ನಲ್ಲಿ, ಅಂದರೆ ಗಾಢ ನೆರಳಿನಿಂದ ಪ್ರಖರ ಬೆಳಕಿನವರೆಗಿನ ಹರವನ್ನು ಮಾಮೂಲಿಗಿಂತ ಹೆಚ್ಚು ತೋರಿಸುವ ಬಗೆಯಲ್ಲಿ, ಚಿತ್ರೀಕರಿಸುವ ಹೊಣೆ ನನ್ನದಾಯಿತು.

ಗುಹೆ ಉತ್ತರಕ್ಕೆ ಮುಖಮಾಡಿದೆ. ಪೂರ್ವಕ್ಕೆ ಕ್ಯಾಮೆರಾ ಹಿಡಿದು ನಿಂತರೆ ಎಡಗಡೆ ಕಂಬಗಳ ಸಂದಿಯಲ್ಲಿ ಬಿಸಿಲಿನ ಆಕಾಶ, ಬಲಗಡೆ ಕತ್ತಲಾದ ಗೋಡೆ, ನಡುವೆ ವಿಷ್ಣು. ಒಂದು ಬಿಂದುವಿನ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರ್ ಹಿಡಿದು ನೋಡಿದಾಗ ವಿಷ್ಣುವಿನ ಮುಖಕ್ಕೂ ಹೊರಗಿನ ಬಿಳಿ ಮೋಡಕ್ಕೂ 9 ಸ್ಟಾಪ್ ಅಂತರ ಬಂತು. ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿಯಾಗುವುದರಿಂದ ಇದು 512 ಪಟ್ಟು. ಕೈಯಲ್ಲಿದ್ದುದು ಸೋನಿ ಎಫ್‌ಎಕ್ಸ್ 6 ಕ್ಯಾಮೆರಾ. ಬೆಳಕಿನ ದೊಡ್ಡ ಹರವನ್ನು ಒತ್ತಿ ದಾಖಲಿಸುವ ಅದರ ಎಸ್-ಲಾಗ್ 3 ಎಂಬ ಲಾಗ್ ರೀತಿಯಲ್ಲಿ, ಅಳತೆಗೆ ನಡುಮಟ್ಟವೆಂದು ಹಿಡಿಯುವ ಶೇ. 18ರ ಬೂದುಬಣ್ಣ ವೇವ್‌ಫಾರ್ಮ್ ಎಂಬ ಬೆಳಕಿನ ನಕ್ಷೆಯ 41ರಲ್ಲಿ ಕೂರುತ್ತದೆ. ಮೂಲ ಐಎಸ್‌ಒ 800ರಲ್ಲಿ ಅದರ ಮೇಲೆ ಸುಮಾರು 6 ಸ್ಟಾಪ್‌ವರೆಗೆ ವಿವರ ಉಳಿದು, ಸಂಕೇತ 94ರ ಹತ್ತಿರ ನಿಂತುಬಿಡುತ್ತದೆ. ಮೋಡ ಕೊಚ್ಚಿಹೋಗಬಾರದೆಂಬ ಒಂದೇ ಹಟದಿಂದ ನಾನು ಲೆನ್ಸಿನ ಬೆಳಕಿನ ಕಿಂಡಿಯಾದ ಐರಿಸನ್ನು ಮುಚ್ಚುತ್ತ ಹೋದೆ. ಮೋಡ ಉಳಿಯಿತು. ಆದರೆ ವಿಷ್ಣುವಿನ ಮುಖ ಬೂದುಬಣ್ಣಕ್ಕಿಂತ 3 ಸ್ಟಾಪ್ ಕೆಳಗೆ ಬಿತ್ತು, ಕಿವಿಯ ಹಿಂದಿನ ನೆರಳು ಇನ್ನೂ ಕೆಳಗೆ.

ಬಾಗಲಕೋಟೆಗೆ ಮರಳಿ ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಎಲ್ಲವೂ ಚೆನ್ನಾಗಿಯೇ ಕಂಡಿತು. ಎಸ್‌ಡಿಆರ್ ಎಂಬ ಮಾಮೂಲಿ ಚಿತ್ರವನ್ನು 100 ನಿಟ್ (ಪರದೆಯ ಬೆಳಕಿನ ಅಳತೆ) ಬೆಳಕಿನ ಪರದೆಗೆಂದು ಗ್ರೇಡ್ ಮಾಡುವುದು, ಅಂದರೆ ಬೆಳಕು ಬಣ್ಣಗಳನ್ನು ಹೊಂದಿಸುವುದು, ರೂಢಿ. ಅಲ್ಲಿ ಮೋಡವನ್ನೂ ಬಿಳಿ ಕಾಗದವನ್ನೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಒತ್ತಿ ಕೂರಿಸಿರುತ್ತೇವೆ. ಬೆಂಗಳೂರಿನ ಗ್ರೇಡಿಂಗ್ ಕೋಣೆಯಲ್ಲಿ 1000 ನಿಟ್‌ನ ಮಾನಿಟರಿನ ಮೇಲೆ ಅದೇ ಶಾಟ್ ತೆರೆದಾಗ ನಾನು ಕಣ್ಣು ಕಿರಿದು ಮಾಡಿದೆ. ಕಂಬಗಳ ನಡುವಿನ ಆಕಾಶ ಟ್ಯೂಬ್‌ಲೈಟ್ ನಿಲ್ಲಿಸಿದಂತೆ ಉರಿಯುತ್ತಿತ್ತು. ಗ್ರೇಡ್ ಮಾಡುವ ಕಲರಿಸ್ಟ್ ಧಾರವಾಡದ ಕಡೆಯವರು. ನಕ್ಕು, ‘ಸರ, ದೇವರನ್ನ ತೋರಸಾಕ ಹೋಗಿ ಕಿಡಕಿ ತೋರಿಸೀರಿ ನೋಡ್ರಿ’ ಎಂದರು. ಮುಖವನ್ನು ಮೇಲೆತ್ತಲು ಹೋದರೆ ವಿಷ್ಣುವಿನ ಎದೆಯ ಮೇಲೆ ನಾಯ್ಸ್ ಎಂಬ ಚುಕ್ಕೆಚುಕ್ಕೆಯ ಕಲೆ ಇರುವೆ ಹರಿದಾಡಿದಂತೆ ಕಾಣತೊಡಗಿತು.

ಕ್ಯಾಮೆರಾ ಎಷ್ಟು ಸ್ಟಾಪ್ ಹಿಡಿಯುತ್ತದೆ ಎಂಬುದೇ ಎಚ್‌ಡಿಆರ್ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. 2022ರಲ್ಲಿ ಬಂದ ಆರಿ ಅಲೆಕ್ಸಾ 35 ಕ್ಯಾಮೆರಾಕ್ಕೆ ತಯಾರಕರು 17 ಸ್ಟಾಪ್ ಹೇಳುತ್ತಾರೆ. ಅದಿದ್ದರೆ ನಾಯ್ಸ್ ಖಂಡಿತ ಕಡಿಮೆಯಾಗುತ್ತಿತ್ತು, ಆದರೆ ಆಕಾಶ ಹಾಗೆಯೇ ಉರಿಯುತ್ತಿತ್ತು. ಪರದೆಯ ಮೇಲೆ ಯಾವುದು ಎಷ್ಟು ಬೆಳಗಬೇಕೆಂಬುದನ್ನು ಚೌಕಟ್ಟು ಕಟ್ಟುವಾಗಲೇ ತೀರ್ಮಾನಿಸಿರಬೇಕಾಗಿತ್ತು. ಚಿತ್ರದ ಸಂಕೇತಕ್ಕೆ ಪರದೆಯ ಬೆಳಕು ಎಷ್ಟೆಂದು ಹೇಳುವ ಪಿಕ್ಯೂ ಎಂಬ ಎಚ್‌ಡಿಆರ್ ವಕ್ರರೇಖೆ ಕಾಗದದ ಮೇಲೆ 10,000 ನಿಟ್‌ವರೆಗೆ ಹೋಗುತ್ತದೆ, ನಿಜ. ಆದರೆ ಬಿಳಿ ಅಕ್ಷರ ಅಥವಾ ಬಿಳಿ ಕಾಗದಕ್ಕೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ವರದಿ ಸೂಚಿಸುವುದು 203 ನಿಟ್ ಮಾತ್ರ. ಅದರ ಮೇಲಿನ ಜಾಗವೆಲ್ಲ ಮಿನುಗಿಗೆ, ಕಿಡಿಗೆ, ಬಿಸಿಲಿನ ಚಿಕ್ಕ ತುಣುಕಿಗೆ. ನಾನು ಅದನ್ನು ಚೌಕಟ್ಟಿನ ಕಾಲು ಭಾಗ ತುಂಬಿದ ಖಾಲಿ ಆಕಾಶಕ್ಕೆ ಕೊಟ್ಟಿದ್ದೆ.

ಮತ್ತೆ ಹೋದದ್ದು ಮಳೆಗಾಲದ ಒಂದು ಮಬ್ಬು ದಿನ. ಬಿಸಿಲು ಬಿದ್ದ ಬಂಡೆಯ ಕಾಟ ತಪ್ಪಿತೆಂಬುದು ಮೊದಲ ಲಾಭ. ಟ್ರೈಪಾಡನ್ನು ಗೋಡೆಯ ಕಡೆಗೆ ಸರಿಸಿ, ಹೆಚ್ಚು ಬೆಳಗುವ ಸಂದಿಯನ್ನು ಒಂದು ಕಂಬದ ಹಿಂದೆ ಅಡಗಿಸಿದೆ. ಕ್ಯಾಮೆರಾವನ್ನು ಒಂದೂವರೆ ಅಡಿ ಎತ್ತರಿಸಿ ಸ್ವಲ್ಪ ಕೆಳಗೆ ಬಾಗಿಸಿದಾಗ ಉಳಿದ ಸಂದಿಗಳಲ್ಲಿ ಆಕಾಶದ ಬದಲು ಎದುರಿನ ಗುಡ್ಡದ ಕೆಂಪು ಬಂಡೆ ಬಂತು. ಬಲಗಡೆ ಹುಡುಗನೊಬ್ಬ ಥರ್ಮಾಕೋಲ್ ಹಾಳೆ ಹಿಡಿದು ನಿಂತ. ಅದರಿಂದ ಮುಖದ ನೆರಳು ಅರ್ಧ ಸ್ಟಾಪ್ ಏರಿತು, ಅಷ್ಟೇ ಸಾಕಾಗಿತ್ತು. ಈಗ ಮುಖಕ್ಕೂ ಎದುರಿನ ಬಂಡೆಗೂ 5 ಸ್ಟಾಪ್ ಅಂತರ. ಮುಖವನ್ನು ಬೂದುಬಣ್ಣಕ್ಕಿಂತ ಒಂದೇ ಸ್ಟಾಪ್ ಕೆಳಗಿಟ್ಟರೂ ಮೇಲುಗಡೆ ಬೇಕಾದಷ್ಟು ಜಾಗ ಉಳಿಯಿತು. ರೆಕಾರ್ಡಿಂಗ್ 10 ಬಿಟ್‌ನಲ್ಲಿ. 8 ಬಿಟ್‌ನ 256 ಹಂತಗಳಲ್ಲಿ ಲಾಗ್ ಚಿತ್ರ ಹಿಡಿದರೆ ಮೋಡದಲ್ಲಿ ಮೆಟ್ಟಿಲು ಕಾಣುತ್ತದೆ. ಮದುವೆಯ ಕೆಲಸದಲ್ಲಿ ನಾನು ನೇರವಾಗಿ, ಗ್ರೇಡಿಂಗ್ ಇಲ್ಲದೆಯೂ ತೋರಿಸಬಹುದಾದ ಎಚ್‌ಎಲ್‌ಜಿ ಎಂಬ ಎಚ್‌ಡಿಆರ್ ರೀತಿಯಲ್ಲೇ ಹಿಡಿದು ಕೊಡುವುದುಂಟು, ಗ್ರೇಡಿಂಗಿಗೆ ಅಲ್ಲಿ ಪುರುಸೊತ್ತೂ ಇಲ್ಲ, ದುಡ್ಡೂ ಇಲ್ಲ. ಇಲ್ಲಿ ಆ ಅವಸರ ಇರಲಿಲ್ಲ.

ಬಣ್ಣದ ವಿಷಯ ನಾನು ಎಣಿಸಿರಲಿಲ್ಲ. ಉತ್ತರದ ಆಕಾಶದಿಂದ ಬರುವ ಬೆಳಕು ನೀಲಿ, ನೆಲದ ಕೆಂಪು ಮರಳುಗಲ್ಲಿನಿಂದ ಚಿಮ್ಮುವುದು ಕೆಂಪು. ಹೀಗಾಗಿ ವಿಷ್ಣುವಿನ ಗಲ್ಲದ ಕೆಳಭಾಗ ಬೆಚ್ಚಗೆ, ಕಿರೀಟ ತಣ್ಣಗೆ. ಎಸ್‌ಡಿಆರ್‌ನಲ್ಲಿ ಇದು ತಪ್ಪಿನಂತೆ ಕಂಡು ಸರಿಪಡಿಸಿಬಿಡುತ್ತಿದ್ದೆ. ವಿಶಾಲ ಬಣ್ಣದ ಹರವಿನಲ್ಲಿ ಅದೇ ಕಲ್ಲಿಗೆ ದುಂಡುತನ ಕೊಟ್ಟಿತು, ಹಾಗಾಗಿ ವೈಟ್ ಬ್ಯಾಲನ್ಸನ್ನು 5600 ಕೆಲ್ವಿನ್‌ನಲ್ಲೇ ಬಿಟ್ಟೆ.

ಇನ್ನೊಂದು ಪೆಟ್ಟು ಪ್ಯಾನ್ ಮಾಡುವಾಗಿನದು, ಅಂದರೆ ಕ್ಯಾಮೆರಾವನ್ನು ಅಡ್ಡಡ್ಡಲಾಗಿ ತಿರುಗಿಸುವಾಗಿನದು. ಕಪ್ಪು ಕಂಬದ ಅಂಚು ಬೆಳಕಿನ ಹಿನ್ನೆಲೆಯ ಮೇಲೆ ಸರಿಯುವಾಗ, ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಅದು ತಡವರಿಸುತ್ತದೆ; ಪರದೆಯ ಬೆಳಕು ಹೆಚ್ಚಿದಷ್ಟೂ ಈ ತಡವರಿಕೆ ಎದ್ದು ಕಾಣುತ್ತದೆ. ಮೊದಲ ದಿನದ ಪ್ಯಾನ್‌ಗಳನ್ನೆಲ್ಲ ಕೈಬಿಟ್ಟು, ಈ ಸಲ ಸ್ಲೈಡರಿನ ಮೇಲೆ ಶಿಲ್ಪದ ಕಡೆಗೆ ನೇರವಾಗಿ, ಬಹಳ ನಿಧಾನವಾಗಿ ಸಾಗಿದೆವು.

ಗ್ರೇಡಿಂಗಿನಲ್ಲಿ ಮುಖ ಸುಮಾರು 80 ನಿಟ್‌ನಲ್ಲಿ ಕುಳಿತಿತು, ಬಂಡೆ 300ನ್ನು ದಾಟಲಿಲ್ಲ. ಚೌಕಟ್ಟಿನ ಎಡ ಮೂಲೆಯಲ್ಲಿ, ಕಂಬದ ಬುಡದ ಪಕ್ಕ, ಕೆಳಗಿನ ಅಗಸ್ತ್ಯ ತೀರ್ಥವೆಂಬ ಕೆರೆಯ ನೀರಿನ ಒಂದು ಬೆರಳಗಲದ ಗೆರೆ ಗಾಳಿಗೆ ಮಿನುಗುತ್ತದೆ. 900 ನಿಟ್ ಮುಟ್ಟುವುದು ಅದೊಂದೇ.