ಮೊದಲ ರೋಲನ್ನು ಹಾಳು ಮಾಡಿ: 120 ಕ್ಯಾಮೆರಾ ಹಿಡಿಯಲು ಹೊರಟವರಿಗೆ

ನಮ್ಮ ಸೋದರಮಾವ ದಾವಣಗೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಡಿಜಿಟಲ್ ಬಂದ ಮೇಲೆ ಅಂಗಡಿ ಮುಚ್ಚಿ ಲೈಟು, ಸ್ಟ್ಯಾಂಡು, ಗುಲಾಬಿ ತೋಟದ ಪರದೆ ಎಲ್ಲಾ ಮಾರಿದರು. ಯಾಶಿಕಾ ಮ್ಯಾಟ್ 124ಜಿ ಒಂದನ್ನು ಮಾತ್ರ ಬೀರುವಿನಲ್ಲಿ ಇಟ್ಟುಕೊಂಡರು. ಎರಡು ಕಣ್ಣಿನ, ಅಂದರೆ ಎರಡು ಲೆನ್ಸಿನ ಕರಿ ಡಬ್ಬಿ ಅದು, 120 ಅನ್ನುವ ಅಗಲ ಫಿಲ್ಮ್ ರೋಲು ಹಾಕುವಂಥದ್ದು. ನಾನು ಚಿತ್ರದುರ್ಗಕ್ಕೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದ ವರ್ಷ ದೀಪಾವಳಿಗೆ ಹೋದಾಗ ಅದನ್ನು ನನ್ನ ಕೈಗಿಟ್ಟು, "ದುರ್ಗದಾಗ ಅದೀಯ, ಕೋಟೆ ಫೋಟೋನಾದ್ರೂ ಹೊಡೀಲೇ ಅಳಿಯ" ಅಂದರು.

ಹೊಡೆದೆ. ರೋಲು ತರಿಸಿ ಭಾನುವಾರ ಬೆಳಿಗ್ಗೆ ಕೋಟೆ ಹತ್ತಿದೆ. ಓಬವ್ವನ ಕಿಂಡಿ, ಏಕನಾಥೇಶ್ವರಿ, ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ. ಹನ್ನೆರಡು ಫೋಟೋ ಮುಗಿಯುವಷ್ಟರಲ್ಲಿ ಮಟಮಟ ಮಧ್ಯಾಹ್ನ. ಅಕ್ಕ-ತಂಗಿ ಹೊಂಡದ ಹತ್ತಿರ ಒಂದು ಬಂಡೆ ಮೇಲೆ ಕೂತು, ಹಿಂದಿನ ಮುಚ್ಚಳ ತೆಗೆದು, ರೋಲು ಎತ್ತಿದೆ. ಬೆವರು ಕೈ. ಜಾರಿತು. ಕಾಗದದ ಸುರುಳಿ ಬಿಚ್ಚಿಕೊಳ್ಳುತ್ತಾ ಬಂಡೆ ಇಳಿಜಾರಿನಲ್ಲಿ ಓಡಿತು. ಮೊದಲು ಹೊಡೆದ ಮೂರು ಫೋಟೋ ಸುರುಳಿಯ ಒಳಗಿದ್ದವು, ಅವು ಉಳಿದವು. ಮಿಕ್ಕ ಒಂಬತ್ತು ಬಿಸಿಲಿಗೆ ಹೋದವು. ಮಾವನಿಗೆ ಫೋನ್ ಮಾಡಿದರೆ, "ರೀಲು ಬಿಸ್ಲಾಗ ಬಿಚ್ತಾರೇನಲೇ?" ಅಂದರು, ಅಷ್ಟೆ.

ಆಮೇಲೆ ನಾಲ್ಕೈದು ಜನರಿಗೆ ಈ ಕ್ಯಾಮೆರಾ ಹೇಳಿಕೊಟ್ಟಿದ್ದೇನೆ. ಅವರ ಮೊದಲ ರೋಲು ಹಾಳಾಗಿದ್ದು ಬೆಳಕಿನ ಲೆಕ್ಕ ತಪ್ಪಿ ಅಲ್ಲ, ಲೆನ್ಸ್ ಸರಿಯಿಲ್ಲದೆ ಅಲ್ಲ. ತುಂಬುವಾಗ, ಸುತ್ತುವಾಗ, ತೆಗೆಯುವಾಗ. ಅದಕ್ಕೇ ನಾನು ಹೇಳುವುದು: ಹೇಗಿದ್ದರೂ ಒಂದು ರೋಲು ಹಾಳಾಗುತ್ತದೆ, ಬೇಕಂತಲೇ ಹಾಳು ಮಾಡಿಬಿಡಿ. ಡೇಟ್ ಮುಗಿದ ಹಳೇ 120 ರೋಲು ಒಂದು ಹುಡುಕಿ. ಮನೆಯಲ್ಲಿ ಬೆಳಕಿನಲ್ಲೇ ಪೂರ್ತಿ ಬಿಚ್ಚಿ ನೋಡಿ.

ಬಿಚ್ಚಿದರೆ ಏನು ಕಾಣುತ್ತೆ? ಉದ್ದನೆಯ ಕಾಗದ, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಾಣದ ಗುರುತು, ನಂಬರುಗಳು. ಅದರ ನಡುವೆ ಫಿಲ್ಮ್, ಒಂದೇ ಒಂದು ತುದಿಯಲ್ಲಿ ಮಾತ್ರ ಟೇಪಿನಿಂದ ಅಂಟಿರುತ್ತದೆ. ಅಗಲ ಸುಮಾರು ಆರು ಸೆಂಟಿಮೀಟರ್. ಮಾಮೂಲಿ 35 ಮಿ.ಮೀ. ರೀಲಿನ ಹಾಗೆ ತಗಡಿನ ಡಬ್ಬಿ ಇಲ್ಲ, ಅಂಚಿನಲ್ಲಿ ತೂತಿಲ್ಲ. ಬೆಳಕು ತಡೆಯುವುದು ಬಿಗಿಯಾಗಿ ಸುತ್ತಿದ ಆ ಕಾಗದ ಒಂದೇ. 1901ರಲ್ಲಿ ಕೊಡಾಕ್ ಕಂಪನಿ ಬ್ರೌನಿ ಕ್ಯಾಮೆರಾಗಾಗಿ ತಂದ ರೋಲು ಇದು, ಇವತ್ತಿಗೂ ಅದೇ ಅಳತೆ. ಅಜ್ಜನ ಟ್ರಂಕಿನಲ್ಲಿ ಆಗ್ಫಾ ಕ್ಲಿಕ್ 3 ಸಿಕ್ಕಿದರೆ ಅದಕ್ಕೂ ಇದೇ ರೋಲು ಹಿಡಿಯುತ್ತದೆ. ದುಡ್ಡು ಹಾಕುವ ಮೊದಲು ಅದರಲ್ಲೇ ಒಂದು ರೋಲು ಹೊಡೆದು ನೋಡಬಹುದು.

ಇನ್ನು ತುಂಬುವುದು. ಯಾಶಿಕಾದಲ್ಲಿ ಹೊಸ ರೋಲು ಕೆಳಗೆ, ಖಾಲಿ ಸ್ಪೂಲು (ಫಿಲ್ಮ್ ಸುತ್ತಿಕೊಳ್ಳುವ ಉರುಳೆ) ಮೇಲೆ. ರೋಲಿನ ಮೇಲಿನ ಕಾಗದದ ಪಟ್ಟಿ ಹರಿಯಿರಿ. ಹೆಬ್ಬೆರಳಿನಿಂದ ರೋಲನ್ನು ಒತ್ತಿ ಹಿಡಿದೇ ಕಾಗದದ ಚೂಪು ತುದಿಯನ್ನು ಮೇಲೆ ಎಳೆದು ಖಾಲಿ ಸ್ಪೂಲಿನ ಸೀಳಿಗೆ ತೂರಿಸಿ. ಕಾಗದದ ಕಪ್ಪು ಮೈ ಲೆನ್ಸಿನ ಕಡೆಗೆ ಇರಬೇಕು. ಇದು ಉಲ್ಟಾ ಆದರೆ ಹನ್ನೆರಡೂ ಖಾಲಿ. ಪಕ್ಕದ ತಿರುಗಿಸುವ ಹಿಡಿಯನ್ನು, ಅಂದರೆ ಕ್ರ್ಯಾಂಕನ್ನು ನಿಧಾನ ತಿರುಗಿಸಿ, ಕಾಗದ ನೇರ ಸುತ್ತುತ್ತಾ ಇದೆಯಾ ಅಂತ ನೋಡಿ. ಕಾಗದದ ಮೇಲಿನ ಬಾಣ ಕ್ಯಾಮೆರಾ ಒಳಗಿನ ಗುರುತಿಗೆ ಬಂದ ತಕ್ಷಣ ನಿಲ್ಲಿಸಿ. ಮುಚ್ಚಳ ಹಾಕಿ. ಆಮೇಲೆ ಕ್ರ್ಯಾಂಕ್ ತಾನಾಗಿ ನಿಲ್ಲುವವರೆಗೆ ತಿರುಗಿಸಿದರೆ 1 ಅಂತ ತೋರಿಸುತ್ತದೆ.

ಮುಗಿದ ಮೇಲೆ ಇನ್ನೂ ಹುಷಾರು. ಹನ್ನೆರಡನೇದು ಹೊಡೆದ ಮೇಲೂ ಕ್ರ್ಯಾಂಕ್ ತಿರುಗಿಸುತ್ತಲೇ ಇರಿ. ಬಿಗಿ ಹೋಗಿ ಹಗುರಾದರೆ ಕಾಗದವೆಲ್ಲಾ ಮೇಲಿನ ಸ್ಪೂಲಿಗೆ ಬಂತು ಅಂತ ಅರ್ಥ. ನೆರಳಿಗೆ ಹೋಗಿ. ನೆರಳಿಲ್ಲದಿದ್ದರೆ ಬಿಸಿಲಿಗೆ ಬೆನ್ನು ಮಾಡಿ ನಿಮ್ಮ ನೆರಳಲ್ಲೇ ತೆಗೆಯಿರಿ. ಮುಚ್ಚಳ ತೆಗೆಯುವ ಮೊದಲೇ ಕೈ ಒರೆಸಿಕೊಳ್ಳಿ. ರೋಲು ಎತ್ತುವಾಗ ಬೆರಳು ಕಾಗದದ ತುದಿ ಮೇಲೇ ಇರಲಿ. ತುದಿ ಮಡಚಿ ಅಂಟು ಪಟ್ಟಿ ಸುತ್ತಿ. ಕೆಲವದನ್ನು ನಾಲಿಗೆಗೆ ತಾಗಿಸಬೇಕು, ಅಂಚೆ ಚೀಟಿ ತರ. ಈ ಇಡೀ ಕೆಲಸವನ್ನು ಹಾಳು ರೋಲಿನಲ್ಲಿ ಹತ್ತು ಸಲ ಮಾಡಿ. ಕೊನೆ ಎರಡು ಸಲ ಕಣ್ಣು ಮುಚ್ಚಿಕೊಂಡು.

ಇಷ್ಟೆಲ್ಲಾ ಯಾಕೆ, ಫೋನ್ ಇದೆಯಲ್ಲಾ ಅಂತ ನನ್ನ ಹೆಂಡತಿಯೂ ಕೇಳುತ್ತಾಳೆ. ನೆಗೆಟಿವ್ ದೊಡ್ಡದು ಅನ್ನುವುದೇ ಉತ್ತರ. 35 ಮಿ.ಮೀ. ರೀಲಿನ ಒಂದು ಚೌಕಟ್ಟು 24×36 ಮಿ.ಮೀ. ಯಾಶಿಕಾದ್ದು ಸುಮಾರು 56×56. ಜಾಗದ ಲೆಕ್ಕದಲ್ಲಿ ಮೂರೂವರೆ ಪಟ್ಟು ಜಾಸ್ತಿ. ಮಾವ ಮದುವೆ ಹುಡುಗಿಯರ ಮೊಡವೆಯನ್ನು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ತಿದ್ದುತ್ತಿದ್ದರು. ಅಷ್ಟು ದೊಡ್ಡ ನೆಗೆಟಿವ್ ಇದ್ದದ್ದಕ್ಕೇ ಅದು ಆಗುತ್ತಿತ್ತು.

ಯಾವ ಕ್ಯಾಮೆರಾ ತಗೋಬೇಕು? ಮೊದಲನೆಯದಕ್ಕೆ ಎರಡು ಕಣ್ಣಿನದೇ ಸಾಕು, ಅದೂ ಲೆನ್ಸ್ ಬಿಚ್ಚಲು ಬರದಂಥದ್ದು. ಯಾಶಿಕಾ ಆಗಲಿ, ದುಡ್ಡಿದ್ದರೆ ರೋಲಿಫ್ಲೆಕ್ಸ್ ಆಗಲಿ. ಮೇಲಿನ ಲೆನ್ಸ್ ನೋಡುವುದಕ್ಕೆ, ಕೆಳಗಿನದು ಫೋಟೋ ಹಿಡಿಯುವುದಕ್ಕೆ. ಒಳಗೆ ಕನ್ನಡಿ ಎದ್ದು ಬೀಳುವುದಿಲ್ಲ, ಶಟರ್ ಲೆನ್ಸಿನ ಒಳಗೇ ಇದೆ. ಹಾಗಾಗಿ ಅದುರು ಕಡಿಮೆ, ಉಸಿರು ಹಿಡಿದರೆ 1/30 ಸೆಕೆಂಡಿನಲ್ಲೂ ಕೈಯಲ್ಲೇ ಹೊಡೆಯಬಹುದು. ಶಟರ್‌ಗೆ ಸೆಲ್ ಬೇಡ. ಎದೆ ಮಟ್ಟದಲ್ಲಿ ಹಿಡಿದು ತಲೆ ಬಗ್ಗಿಸಿ ಮಬ್ಬು ಗಾಜಿನಲ್ಲಿ ನೋಡಬೇಕು. ಎಡ ಬಲ ಅದಲು ಬದಲು ಕಾಣುತ್ತದೆ, ಒಂದು ವಾರ ತಲೆ ತಿರುಗುತ್ತದೆ, ಆಮೇಲೆ ರೂಢಿ. ತಲೆ ಬಗ್ಗಿಸಿ ನಿಂತವನನ್ನು ಕಂಡರೆ ಜನಕ್ಕೆ ಫೋಟೋದ ಹೆದರಿಕೆ ಇರುವುದಿಲ್ಲ. ನಮ್ಮ ಶಾಲೆ ಮಕ್ಕಳಂತೂ ನಾನೇನೋ ಡಬ್ಬಿ ರಿಪೇರಿ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಹತ್ತಿರದ ಮುಖಕ್ಕೆ ಒಂದು ಎಚ್ಚರ. ನೀವು ನೋಡುವ ಲೆನ್ಸ್ ಮೇಲಿದೆ, ಹಿಡಿಯುವುದು ಕೆಳಗಿದೆ. ಒಂದು ಮೀಟರ್ ದೂರದಲ್ಲಿ ತಲೆ ಕತ್ತರಿಸಿ ಹೋಗುತ್ತದೆ. ಫೋಕಸ್ ಆದ ಮೇಲೆ ಕ್ಯಾಮೆರಾವನ್ನು ಎರಡು ಲೆನ್ಸಿನ ನಡುವಿನ ಅಂತರದಷ್ಟು ಮೇಲೆತ್ತಿ ಹೊಡೆಯಿರಿ.

ಹಳೇದು ಕೊಳ್ಳುವಾಗ ಟಾರ್ಚು ಜೇಬಿನಲ್ಲಿರಲಿ. ಹಿಂದಿನ ಮುಚ್ಚಳ ತೆಗೆದು, ಶಟರನ್ನು ಬಿ ಗೆ (ಒತ್ತಿರುವಷ್ಟು ಹೊತ್ತು ತೆರೆದೇ ಇರುವ ಗುರುತು) ಇಟ್ಟು ಒತ್ತಿ ಹಿಡಿದು, ಲೆನ್ಸಿನ ಮೂಲಕ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ನಮ್ಮ ಬಯಲುಸೀಮೆ ಒಣ ಹವೆಗೆ ಇದು ಕಡಿಮೆ, ಮಲೆನಾಡು ಕರಾವಳಿ ಕಡೆಯಿಂದ ಬಂದ ಕ್ಯಾಮೆರಾದಲ್ಲಿ ಚೆನ್ನಾಗಿ ಹುಡುಕಿ. ಆಮೇಲೆ ಶಟರನ್ನು 1 ಸೆಕೆಂಡಿಗೆ ಇಟ್ಟು ಕಿವಿ ಹತ್ತಿರ ಹಿಡಿಯಿರಿ. ಗರ್ರ್ ಅಂತ ಒಂದೇ ಸಮ ಓಡಬೇಕು. ಮಧ್ಯೆ ತಡವರಿಸಿದರೆ ಒಳಗೆ ಎಣ್ಣೆ ಗಟ್ಟಿಯಾಗಿದೆ, ಸರ್ವಿಸ್ ಖರ್ಚು ಕಳೆದು ಚೌಕಾಸಿ ಮಾಡಿ. ಸೆಲ್ಫ್ ಟೈಮರ್ ಮುಟ್ಟಬೇಡಿ, ಹಳೇದರಲ್ಲಿ ಅದು ಸಿಕ್ಕಿಕೊಂಡರೆ ಶಟರ್ ಪೂರ್ತಿ ನಿಂತುಹೋಗಬಹುದು. ಯಾಶಿಕಾದ ಮೀಟರ್ ಬೇಡುವುದು ಪಾದರಸದ ಸೆಲ್, ಅದು ಈಗ ತಯಾರಾಗುವುದಿಲ್ಲ. ಫೋನಿನ ಮೀಟರ್ ಆ್ಯಪ್ ಸಾಕು.

ಲೆನ್ಸ್ ಬದಲಿಸುವ ಕ್ಯಾಮೆರಾ ಬೇಕೇ ಬೇಕು ಅನ್ನುವವರಿಗೆ ಹ್ಯಾಸಲ್‌ಬ್ಲಾಡ್, ಬ್ರೋನಿಕಾ, ಮಾಮಿಯಾ ಇವೆ. ಅಂಕಿ ನೋಡಿ ಗಾಬರಿ ಆಗಬೇಡಿ. 6×6, ಅಂದರೆ ಆ 56×56ರ ಚೌಕಟ್ಟಿಗೆ 80 ಮಿ.ಮೀ. ಲೆನ್ಸ್ ಅಂದರೆ ಸಾದಾ ಲೆನ್ಸ್, 35 ಮಿ.ಮೀ. ಕ್ಯಾಮೆರಾದ 45ರ ಹತ್ತಿರ ಹತ್ತಿರ. 50 ಅಂದರೆ ಅಗಲದ್ದು, ಅಲ್ಲಿನ 28ರ ತರ. 150 ಮುಖಕ್ಕೆ. 6×7ಕ್ಕೆ ಸಾದಾ ಲೆನ್ಸ್ 90. ಮೊದಲ ವರ್ಷ ಸಾದಾದ್ದು ಒಂದೇ ಸಾಕು ಅಂತ ನನ್ನ ಹಟ. ದುರ್ಗದಲ್ಲಿ ನನಗೆ 50 ಬೇಕಿತ್ತು ಅನಿಸಿದ್ದು ಓಬವ್ವನ ಕಿಂಡಿಯಲ್ಲಿ ಮಾತ್ರ. ಅಲ್ಲಿ ಹಿಂದೆ ಸರಿಯಲು ಜಾಗವೇ ಇಲ್ಲ. ಮಿಕ್ಕ ಕಡೆ ನಾಲ್ಕು ಹೆಜ್ಜೆ ನಡೆದರೆ ಆಯಿತು.

ಒಬ್ಬ ಗೆಳೆಯರ ಮಾಮಿಯಾ ಆರ್‌ಬಿ67 ಹೊತ್ತು ಒಮ್ಮೆ ಕೋಟೆ ಹತ್ತಿದ್ದೇನೆ. ಲೆನ್ಸ್ ಸೇರಿ ಎರಡೂವರೆ ಕೆ.ಜಿ.ಗಿಂತ ಜಾಸ್ತಿ. ಫೋಟೋ ಅದ್ಭುತ, ಕತ್ತು ಮೂರು ದಿನ ನೋವು. ಅದರಲ್ಲಿ ಫಿಲ್ಮ್ ಸುತ್ತುವುದೇ ಬೇರೆ, ಹೊಡೆಯಲು ಸಜ್ಜಾಗುವಂತೆ ಶಟರ್ ಎಳೆಯುವುದೇ ಬೇರೆ, ಎರಡರಲ್ಲಿ ಒಂದು ಮರೆಯುತ್ತೀರಿ. ಇಂಥ ಕ್ಯಾಮೆರಾ ಕ್ಲಿಕ್ ಆಗದಿದ್ದರೆ ಕೆಟ್ಟಿತು ಅಂದುಕೊಳ್ಳಬೇಡಿ, ಹಿಂದೆ ಫಿಲ್ಮಿಗೆ ಬೆಳಕು ತಡೆಯುವ ಡಾರ್ಕ್ ಸ್ಲೈಡ್ ತಗಡು ಹಾಗೇ ಇದೆಯಾ ನೋಡಿ. ಹ್ಯಾಸಲ್‌ಬ್ಲಾಡ್ 500 ಸಾಲಿನಲ್ಲಿ ಕ್ಯಾಮೆರಾ, ಲೆನ್ಸ್ ಎರಡೂ ಎಳೆದ ಸ್ಥಿತಿಯಲ್ಲಿದ್ದಾಗ ಮಾತ್ರ ಲೆನ್ಸ್ ಬಿಚ್ಚಿ ಹಾಕಬೇಕು. ಇಲ್ಲದಿದ್ದರೆ ಸಿಕ್ಕಿಕೊಳ್ಳುತ್ತದೆ.

ಈ ಲೆನ್ಸುಗಳ ನಿಜವಾದ ಕಷ್ಟ ಫೋಕಸ್. ಯಾಶಿಕಾದ 80 ಮಿ.ಮೀ. ಲೆನ್ಸನ್ನು ಎಫ್ 3.5ಕ್ಕೆ, ಅಂದರೆ ಪೂರ್ತಿ ತೆರೆದು ಒಂದು ಮೀಟರ್ ದೂರದ ಮುಖ ಹಿಡಿದರೆ, ಚೂಪಾಗಿ ಬರುವುದು ಐದಾರು ಸೆಂಟಿಮೀಟರ್ ಆಳ ಅಷ್ಟೆ. ಕಣ್ಣು ಬಂದರೆ ಕಿವಿ ಇಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಇದನ್ನು ಚೆನ್ನಾಗಿ ಕಲಿತೆ. ಒಳಗೆ ಹೊಗೆ, ತಗಡಿನ ಸಂದಿಯಿಂದ ಕೋಲು ಕೋಲಾಗಿ ಬೆಳಕು, ಮರಳಿನಲ್ಲಿ ಅಕ್ಕಿ ಹುರಿಯುವ ಅಣ್ಣ ಒಂದು ಕ್ಷಣ ನಿಲ್ಲುವುದಿಲ್ಲ. 400ರ ಫಿಲ್ಮ್, 1/30, ಎಫ್ 3.5. ಮೂರು ಫೋಟೋದಲ್ಲಿ ಅವರ ಮೊಣಕೈ ಚೂಪು, ಮುಖ ಮಬ್ಬು. ಆಮೇಲೆ ಅವರು ಸೌಟು ತಿರುಗಿಸಿ ಪ್ರತಿ ಸಲ ಬಂದು ನಿಲ್ಲುವ ಜಾಗಕ್ಕೆ ಮಬ್ಬು ಗಾಜಿನ ಮೇಲಿನ ಭೂತಗನ್ನಡಿ ತೆರೆದು ಮೊದಲೇ ಫೋಕಸ್ ಇಟ್ಟೆ. ಅವರು ಅಲ್ಲಿಗೆ ಬರುವವರೆಗೆ ಕಾದೆ. ನಾಲ್ಕನೆಯದು ಬಂತು. ಅವರು ಮಂಡಕ್ಕಿ ಕೊಟ್ಟು ಕಳಿಸಿದರು.

ಬಯಲಿನಲ್ಲಿ ಲೆಕ್ಕ ಸುಲಭ. ನೆತ್ತಿ ಬಿಸಿಲಿದ್ದರೆ ಎಫ್ 16 (ಅಂಕಿ ದೊಡ್ಡದಾದಷ್ಟು ಲೆನ್ಸಿನ ಕಿಂಡಿ ಸಣ್ಣದು), ಶಟರ್ ಫಿಲ್ಮಿನ ಐಎಸ್‌ಒ ಅಂಕಿಗೆ, ಅಂದರೆ ಬೆಳಕಿಗೆ ಅದರ ಚುರುಕು ಹೇಳುವ ಅಂಕಿಗೆ ಹತ್ತಿರದ್ದು. 100ರ ಫಿಲ್ಮಿಗೆ 1/125, 400ಕ್ಕೆ 1/500. ತೆಳು ಮೋಡಕ್ಕೆ ಎಫ್ 11, ಪೂರ್ತಿ ಮೋಡ ಕವಿದರೆ 8. ಮೀಟರ್ ಹಿಡಿಯುವುದಾದರೆ ದುರ್ಗದ ಬೂದು ಬಂಡೆಗೆ ಹಿಡಿಯಿರಿ, ಸುಣ್ಣ ಬಳಿದ ಗುಡಿ ಗೋಡೆಗೆ ಹಿಡಿದರೆ ಫೋಟೋ ಕಪ್ಪಾಗುತ್ತದೆ. ಅನುಮಾನ ಬಂದರೆ ನೆಗೆಟಿವ್ ಫಿಲ್ಮಿಗೆ ಬೆಳಕು ಒಂದು ಹೆಜ್ಜೆ (ಎರಡು ಪಟ್ಟು) ಜಾಸ್ತಿಯೇ ಇರಲಿ. ಕಪ್ಪು-ಬಿಳುಪಿಗೆ ಹಳದಿ ಫಿಲ್ಟರ್ ಹಾಕಿದರೆ ಕೋಟೆ ಹಿಂದಿನ ಮೋಡ ಎದ್ದು ಕಾಣುತ್ತದೆ. ಆದರೆ ಫಿಲ್ಟರ್ ಕೂತಿರುವುದು ಕೆಳಗಿನ ಲೆನ್ಸಿಗೆ, ಅದು ತಿನ್ನುವ ಒಂದು ಹೆಜ್ಜೆ ಬೆಳಕನ್ನು ನೀವೇ ನೆನಪಿಟ್ಟು ಸೇರಿಸಬೇಕು.

ತೊಳೆಸುವ ವಿಷಯ. ನನ್ನ ಎರಡನೇ ರೋಲು ಕಪ್ಪು-ಬಿಳುಪಿನದು, ಇಲ್ಫೋರ್ಡ್ ಎಚ್‌ಪಿ5. ಒಂದು ಲ್ಯಾಬಿಗೆ ಕಳಿಸಿದೆ. ಅವರು ಕಲರ್ ರಾಸಾಯನಿಕದಲ್ಲಿ ಹಾಕಿದರು. ಆ ದಾರಿಯಲ್ಲಿ ಕೊನೆಗೆ ಬೆಳ್ಳಿಯನ್ನೆಲ್ಲಾ ತೆಗೆದುಬಿಡುತ್ತಾರೆ, ಕಪ್ಪು-ಬಿಳುಪಿನಲ್ಲಿ ಚಿತ್ರ ಅಂದರೇ ಆ ಬೆಳ್ಳಿ. ಗಾಜಿನಂಥ ಖಾಲಿ ಫಿಲ್ಮ್ ಕೊರಿಯರ್‌ನಲ್ಲಿ ವಾಪಸ್ ಬಂತು. ಬಿಲ್ಲು ಕೂಡ. ಅವತ್ತಿನಿಂದ ಮನೆಯಲ್ಲೇ.

ಬೇಕಾಗುವುದು ಕಪ್ಪು ಚೀಲ, ಅರ್ಧ ಲೀಟರಿನ ಟ್ಯಾಂಕು, ಚಿತ್ರ ಮೂಡಿಸುವ ಡೆವಲಪರ್, ಮೂಡಿದ್ದನ್ನು ನಿಲ್ಲಿಸುವ ಹೈಪೋ, ಥರ್ಮಾಮೀಟರ್. ಚೀಲದೊಳಗೆ ಕಾಗದ ಬಿಚ್ಚುತ್ತಾ ಹೋದರೆ ಫಿಲ್ಮಿನ ತುದಿ ಸಿಗುತ್ತದೆ. ಕೊನೆಯ ಟೇಪನ್ನು ಜೋರಾಗಿ ಕೀಳಬೇಡಿ, ಕತ್ತಲಲ್ಲಿ ಅದು ಮಿಣುಕ್ ಅಂತ ಬೆಳಕು ಕೊಡುತ್ತದೆ. ಬಚ್ಚಲುಮನೆಯ ಕತ್ತಲಲ್ಲಿ ನಾನೇ ನೋಡಿದ್ದೇನೆ. ಫಿಲ್ಮನ್ನು ಟ್ಯಾಂಕಿನ ಒಳಗಿನ ರೀಲಿಗೆ ತೂರಿಸುವುದೇ ದೊಡ್ಡ ಕಷ್ಟ. ಇದಕ್ಕೂ ಆ ಹಾಳು ರೋಲೇ ಗತಿ.

ನೀರು 20 ಡಿಗ್ರಿ ಇರಬೇಕು ಅನ್ನುತ್ತದೆ ಡೆವಲಪರ್ ಪೆಟ್ಟಿಗೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆಯ ನೀರಿನ ಟ್ಯಾಂಕಿಗೆ ಕೈ ಇಟ್ಟರೆ ಸುಡುತ್ತದೆ. ನಾನು ರಾತ್ರಿ ಮಣ್ಣಿನ ಮಡಕೆಯಲ್ಲಿಟ್ಟ ನೀರು ತಗೊಂಡು, ಸಾಲದಿದ್ದರೆ ಐಸ್ ಹಾಕಿದ ಬಕೆಟ್ಟಿನಲ್ಲಿ ಬಾಟಲಿ ಇಡುತ್ತೇನೆ. 24 ಡಿಗ್ರಿಗೆ ನಿಂತರೂ ಚಿಂತೆಯಿಲ್ಲ, ಅದಕ್ಕೆ ತಕ್ಕಂತೆ ಸಮಯ ಕಡಿಮೆ ಮಾಡಬೇಕು, ಪಟ್ಟಿ ಸಿಗುತ್ತದೆ. ಕೊನೆಯ ತೊಳೆತ ಮಾತ್ರ ಬೋರ್‌ವೆಲ್ ನೀರಿನಲ್ಲಿ ಬೇಡ, ಒಣಗಿದ ಮೇಲೆ ಸುಣ್ಣದ ಚುಕ್ಕೆ ಉಳಿಯುತ್ತದೆ. ಫಿಲ್ಟರ್ ನೀರು ಹಾಕಿ. ಆಮೇಲೆ ಬಚ್ಚಲಲ್ಲಿ ಬಟ್ಟೆ ಕ್ಲಿಪ್ಪಿಗೆ ತೂಗುಹಾಕಿ, ಕೆಳಗೊಂದು ಕ್ಲಿಪ್ ಭಾರಕ್ಕೆ. ಒಣಗುವವರೆಗೆ ಮನೆಯವರು ಯಾರೂ ಸ್ನಾನಕ್ಕೆ ಹೋಗದ ಹಾಗೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.

ನನ್ನ ಆ ಅಕ್ಕ-ತಂಗಿ ಹೊಂಡದ ರೋಲಿನ ಕಾಗದ, ಸ್ಪೂಲು ಎರಡೂ ಇನ್ನೂ ಇವೆ. ಡೇಟ್ ಮುಗಿದ ಒಂದು ಫಿಲ್ಮನ್ನು ಅದಕ್ಕೇ ಟೇಪ್ ಹಾಕಿ ಅಂಟಿಸಿ ಸುತ್ತಿಟ್ಟಿದ್ದೇನೆ. ಕಲಿಯಲು ಬಂದವರಿಗೆ ಅದನ್ನೇ ಕೊಡುವುದು. ಚೂಪು ತುದಿ ಸವೆದು ಮೊಂಡಾಗಿದೆ, ಟೇಪು ನಾಲ್ಕು ಸಲ ಬದಲಾಗಿದೆ. ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿಕೊಂಡು ಒಂದೇ ಸಲಕ್ಕೆ ತುಂಬಿದಳು.